ದಿನಕ್ಕೆ ಎಷ್ಟು ಸಲ ಹೋಗ್ತೀರಾ: ನಮ್ಮ ಓರಗಿತ್ತಿಯ ಕರುಳಿನ ಕಾಯಿಲೆ, ಶುರುವಿಂದ

ಮೊದಲೇ ಹೇಳ್ಬಿಡ್ತೀನಿ, ನಾನು ಡಾಕ್ಟ್ರಲ್ಲ. ಡಿ ಫಾರ್ಮಾ ಓದ್ಕೊಂಡು ತಿಪಟೂರಲ್ಲಿ ಒಂದು ಮೆಡಿಕಲ್ ಸ್ಟೋರಲ್ಲಿ ಕೆಲಸ ಮಾಡ್ತೀನಿ, ಕೌಂಟರ್ ಹಿಂದೆ ನಿಂತು ಒಂಬತ್ತು ವರ್ಷದ ಮೇಲಾಯ್ತು. ಇದು ನಮ್ಮ ಓರಗಿತ್ತಿ, ಅಂದ್ರೆ ನಮ್ಮನೆಯವ್ರ ಅಣ್ಣನ ಹೆಂಡ್ತಿಯ ಕೇಸು. ನಾನು ಅವ್ರನ್ನ ಅಕ್ಕ ಅಂತಲೇ ಕರೆಯೋದು, ಇಲ್ಲೂ ಹಂಗೇ ಬರೀತೀನಿ. ಬರೀಲಾ ಅಂತ ಕೇಳಿದ್ದಕ್ಕೆ "ಬರಿಯೇ, ಹೆಸರೊಂದು ಹಾಕ್ಬೇಡ, ಸ್ಕೂಲ್ ಹೆಸರಂತೂ ಬೇಡ್ವೇ ಬೇಡ" ಅಂದ್ರು. ರಿಪೋರ್ಟುಗಳ ಫೈಲನ್ನ ಪಕ್ಕದಲ್ಲೇ ಇಟ್ಕೊಂಡಿದ್ದೀನಿ, ನಂಬರ್‌ಗಳೆಲ್ಲ ಅದರಲ್ಲಿರೋದೇ. ಇದರಲ್ಲಿ ನನ್ನ ತಪ್ಪೂ ಇದೆ, ಬಂದಾಗ ಹೇಳ್ತೀನಿ.

ಅಕ್ಕಂಗೆ ಇರೋದು ಅಲ್ಸರೇಟಿವ್ ಕೊಲೈಟಿಸ್. ದೊಡ್ಡಕರುಳಿನ ಒಳಮೈ ಕೆಂಪಾಗಿ ಊದ್ಕೊಂಡು ಅಲ್ಲಲ್ಲಿ ಹುಣ್ಣಾಗಿ ರಕ್ತ, ಲೋಳೆ ಬರೋ ಕಾಯಿಲೆ. ಸಾಮಾನ್ಯವಾಗಿ ತೀರಾ ಕೆಳಗಿಂದ, ರೆಕ್ಟಮ್ ಅಂತಾರಲ್ಲ ಅಲ್ಲಿಂದ ಶುರುವಾಗಿ ಮೇಲಕ್ಕೆ ಹಬ್ಬತ್ತೆ, ಕೆಲವ್ರಿಗೆ ಅಲ್ಲೇ ನಿಲ್ಲತ್ತೆ, ಕೆಲವ್ರಿಗೆ ಇಡೀ ದೊಡ್ಡಕರುಳಿಗೆ ಹೋಗತ್ತೆ. ಮೈ ಕಾಯ್ಬೇಕಾದ ರೋಗನಿರೋಧಕ ವ್ಯವಸ್ಥೆನೇ ತಿರುಗಿ ಕರುಳಿನ ಮೇಲೆ ಬೀಳೋದು, ಅಂಟುರೋಗ ಅಲ್ಲ, ಯಾರೋ ಏನೋ ತಿಂದು ತಂದ್ಕೊಂಡಿದ್ದೂ ಅಲ್ಲ. ಇದರ ಜೊತೆಯದ್ದು ಕ್ರೋನ್ಸ್, ಅದು ಬಾಯಿಂದ ಗುದದ ತನಕ ಎಲ್ಲಿ ಬೇಕಾದ್ರೂ ಬರತ್ತೆ, ಕರುಳಿನ ಗೋಡೆಯ ಪೂರ್ತಿ ದಪ್ಪಕ್ಕೂ ಇಳಿಯತ್ತೆ. ಎರಡನ್ನೂ ಸೇರಿಸಿ ಐಬಿಡಿ, ಅಂದ್ರೆ ಕರುಳಿನ ಉರಿಯೂತದ ಕಾಯಿಲೆ, ಅಂತಾರೆ. ಐಬಿಎಸ್ ಬೇರೆ, ಅದರಲ್ಲಿ ನೋವು, ಉಬ್ಬರ, ಭೇದಿ, ಮಲಬದ್ಧತೆ ಎಲ್ಲ ಇದ್ರೂ ಕರುಳಲ್ಲಿ ಹುಣ್ಣಿರಲ್ಲ, ರಕ್ತ ಬರಲ್ಲ. ಒಂದಕ್ಷರದ ಫರಕು, ಚೀಟಿ ಹಿಡ್ಕೊಂಡು ಬರೋ ಎಷ್ಟೋ ಜನಕ್ಕೆ ತಮಗಿರೋದು ಯಾವ್ದು ಅಂತಲೇ ಗೊತ್ತಿರಲ್ಲ. ಐಬಿಡಿ ಫಾರಿನ್ನೋರ ಕಾಯಿಲೆ ಅನ್ನೋ ಮಾತೊಂದಿತ್ತು, ಆದ್ರೆ 2003ರಲ್ಲೇ ಪ್ರಕಟವಾದ ಪಂಜಾಬಿನ ಮನೆಮನೆ ಸರ್ವೆಯಲ್ಲಿ ಲಕ್ಷಕ್ಕೆ 44 ಜನಕ್ಕೆ ಅಲ್ಸರೇಟಿವ್ ಕೊಲೈಟಿಸ್ ಸಿಕ್ಕಿತ್ತು.

ಅಕ್ಕ ಪ್ರೈಮರಿ ಸ್ಕೂಲ್ ಟೀಚರ್. ಮನೆಯಿಂದ 18 ಕಿಲೋಮೀಟರ್, ಬೆಳಿಗ್ಗೆ 8:10ರ ಬಸ್ಸು. 2017ರಲ್ಲಿ, ಆಗ ಅವ್ರಿಗೆ 30 ವರ್ಷ, ಮಗಂಗೆ ಮೂರು ತುಂಬಿತ್ತು, ಮೊದಲ ಸಲ ರಕ್ತ ಕಾಣಿಸ್ತು. ಯಾರಿಗೂ ಹೇಳ್ಲಿಲ್ಲ. ಎರಡು ತಿಂಗಳಾದ್ಮೇಲೆ ಭಾವನ ಜೊತೆ ಕ್ಲಿನಿಕ್ಕಿಗೆ ಹೋದ್ರು, ಗಂಡಸು ಡಾಕ್ಟ್ರು, ಪಕ್ಕದಲ್ಲಿ ಗಂಡ ಕೂತಿರೋದು, ಹಿಂದೆ ಬಾಗಿಲು ತೆರೆದೇ ಇದ್ದು ಹೊರಗೆ ಕಾಯೋರಿಗೆಲ್ಲ ಕೇಳೋ ಹಂಗಿತ್ತಂತೆ. "ಉರಿ ಇದ್ಯಾ, ರಕ್ತ ಬರತ್ತಾ" "ಹ್ಞೂಂ ಸಾರ್". ಪೈಲ್ಸು ಅಂತ ಮುಲಾಮು, ಇಸಬ್ಗೋಲು ಬರ್ಕೊಟ್ರು. ಮುಟ್ಟಿ ನೋಡ್ಲಿಲ್ಲ, ನೋಡ್ತೀನಿ ಅಂದಿದ್ರೆ ಅಕ್ಕ ಎದ್ದೇ ಬಂದ್ಬಿಡ್ತಿದ್ರಂತೆ, ಅದೂ ನಿಜ.

ಆರು ವಾರದಲ್ಲಿ ಕಮ್ಮಿ ಆಯ್ತು. ಈ ಕಾಯಿಲೆ ಸ್ವಭಾವವೇ ಅದು, ಏರತ್ತೆ ಇಳಿಯತ್ತೆ, ಎಷ್ಟೋ ಸಲ ಔಷಧಿ ಇಲ್ದೇನೂ ಇಳಿಯತ್ತೆ. ಆ ಹೊತ್ತಿಗೆ ಕೈಯಲ್ಲಿ ಯಾವ ಮಾತ್ರೆ ಇತ್ತೋ ಅದಕ್ಕೆ ಹೆಸರು ಬರತ್ತೆ. ಮುಂದಿನ ಸಲ ಆಮಶಂಕೆ ಅಂತ ಮೆಟ್ರೋನಿಡಜೋಲ್, ಅದರ ಮುಂದಿನ ಸಲವೂ ಅದೇ, ಎರಡು ವರ್ಷದಲ್ಲಿ ಮೂರು ಕೋರ್ಸು. ನಡುವೆ ಅಕ್ಕನ ತವರುಮನೆ ಕಡೆ ಒಬ್ರು ಉಷ್ಣ ಆಗಿದೆ ಅಂತ ದಾಳಿಂಬೆ ಸಿಪ್ಪೆ ಕಷಾಯ ಕೊಟ್ರು, ಅದಕ್ಕೂ ಕಮ್ಮಿ ಆಯ್ತು. ಒಂದ್ಸಲ ಇಳಿದಿದ್ದು ನೋಡಿ ಔಷಧಿಗೆ ಮಾರ್ಕ್ಸ್ ಕೊಡಕ್ಕಾಗಲ್ಲ ಈ ಕಾಯಿಲೇಲಿ, ಇದು ನಂಗೆ ಅರ್ಥ ಆಗಿದ್ದು ಎಷ್ಟೋ ವರ್ಷ ಆದ್ಮೇಲೆ.

ನಾನು ಆ ಮನೆಗೆ ಸೊಸೆಯಾಗಿ ಬಂದಿದ್ದು 2018ರಲ್ಲಿ. ಬಂದ ಹೊಸದರಲ್ಲೇ ನಮ್ಮತ್ತೆ ಒಂದ್ಸಲ ಗುಟ್ಟಾಗಿ ಅಂದ್ರು, "ನಿಮ್ಮಕ್ಕ ತಿಂಗಳಿಗೆ ಎರಡ್ಸಲ ಮುಟ್ಟಾಗ್ತಾಳೆ ಕಣವ್ವ, ನೀನು ಮಾತ್ರೆ ಅಂಗಡೀಲಿ ಇರೋಳು, ಏನಾರ ಹೇಳು". ಒಗೆಯೋ ಬಟ್ಟೆ ಮೇಲಿನ ಕಲೆ ನೋಡಿ ಅತ್ತೆ ಹಂಗೆ ಲೆಕ್ಕ ಹಾಕಿದ್ರು. ಅಕ್ಕನೂ ಅದನ್ನ ಹಂಗೇ ಬಿಟ್ರು. ಯಾಕೆ ಅಂತ ಈಗ ಕೇಳಿದ್ರೆ ನಗ್ತಾರೆ, ಮುಟ್ಟಿನ ರಕ್ತ ಅಂದ್ರೆ ಯಾರೂ ಮುಂದೆ ಪ್ರಶ್ನೆ ಕೇಳಲ್ವಲ್ಲ ಅಂತ. ಅತ್ತೆನೇ ಹೆರಿಗೆ ಡಾಕ್ಟ್ರ ಹತ್ರ ಕರ್ಕೊಂಡ್ಹೋದ್ರು, ಸ್ಕ್ಯಾನಿಂಗ್ ನಾರ್ಮಲ್, ಜಾಸ್ತಿ ಬ್ಲೀಡಿಂಗ್ ಆಗೋದಕ್ಕೆ ಕೊಡೋ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ, ಹಿಮೋಗ್ಲೋಬಿನ್ 9.1 ಇತ್ತು ಅಂತ ಐರನ್ ಮಾತ್ರೆ. ಐರನ್ ಮಾತ್ರೆಗೆ ಹೊಟ್ಟೆ ಇನ್ನೂ ಕೆಟ್ಟಿತು, ಹತ್ತು ದಿನಕ್ಕೆ ನಿಲ್ಲಿಸಿದ್ರು. ಆ ಡಾಕ್ಟ್ರದ್ದು ತಪ್ಪು ಅಂತ ಹೇಗೆ ಹೇಳೋದು, ಅವ್ರ ಮುಂದೆ ಇಟ್ಟಿದ್ದು ಆ ಕಂಪ್ಲೇಂಟೇ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಸ್ಕೂಲಲ್ಲಿ ಟೀಚರ್‌ಗಳಿಗೆ ಅಂತ ಇದ್ದಿದ್ದು ಒಂದೇ ಟಾಯ್ಲೆಟ್ಟು, ಬೀಗ ಹಾಕಿರೋದು, ಬೀಗದ ಕೈ ಎಚ್ಚೆಮ್ ಟೇಬಲ್ ಡ್ರಾಯರಲ್ಲಿ. ಪ್ರತಿ ಸಲ ಹೋಗಿ ಕೇಳ್ಬೇಕು, ಸ್ಟಾಫ್ ರೂಮಲ್ಲಿ ಮೂರು ಜನ ಮೇಷ್ಟ್ರು ಕೂತಿರ್ತಾರೆ. ದಿನಕ್ಕೆ ಒಂದ್ಸಲ ಕೇಳಬಹುದು, ನಾಲ್ಕು ಸಲ ಹೆಂಗೆ ಕೇಳೋದು. ಬಸ್ಸಲ್ಲಂತೂ ಮುಕ್ಕಾಲು ಗಂಟೆ ಏನೂ ಮಾಡಂಗಿಲ್ಲ. ಅದಕ್ಕೆ ಅಕ್ಕ ಒಂದು ದಾರಿ ಮಾಡ್ಕೊಂಡಿದ್ರು, ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಎಲ್ಲ ಮುಗಿಸ್ಕೊಂಡು, ಸಂಜೆ ಮನೆಗೆ ಬರೋ ತನಕ ಏನೂ ತಿನ್ನದೇ ಇರೋದು. ಕಾಫಿನೂ ಇಲ್ಲ. ಬಿಸಿಯೂಟದ ಹೊತ್ತಿಗೆ ಮಕ್ಕಳಿಗೆ ಬಡಿಸ್ತಾ ನಿಂತ್ರೆ ತಾನು ಊಟ ಮಾಡಿಲ್ಲ ಅಂತ ಯಾರಿಗೂ ಗೊತ್ತಾಗಲ್ಲ. ಸೋಮವಾರ ಉಪವಾಸ, ಗುರುವಾರ ಉಪವಾಸ, ಸಂಕಷ್ಟಿ, ಏಕಾದಶಿ, ಮನೇಲಿ ಎಲ್ರೂ ನಮ್ಮಕ್ಕಂಗೆ ಭಕ್ತಿ ಜಾಸ್ತಿ ಅಂದ್ಕೊಂಡಿದ್ವಿ.

ಊಟ ಇಲ್ಲ ಅಂದ್ರೆ ಹೋಗೋ ಸಲವೂ ಕಮ್ಮಿ ಆಗತ್ತೆ. ಊಟ ಹೊಟ್ಟೆಗೆ ಬಿದ್ದ ತಕ್ಷಣ ದೊಡ್ಡಕರುಳು ಅಲುಗಾಡೋದು ಎಲ್ರಿಗೂ ಇರೋದೇ, ಕರುಳು ಉರೀತಿರೋರಿಗೆ ಅದು ಓಡೋ ಹಂಗೆ ಮಾಡತ್ತೆ. ತಿನ್ನದೇ ಇದ್ದಿದ್ರಿಂದ ಅಕ್ಕನ ಲೆಕ್ಕ ದಿನಕ್ಕೆ ಮೂರಕ್ಕೇ ನಿಲ್ತಿತ್ತು. ಹಂಗಾಗಿ ಪ್ರತಿ ಡಾಕ್ಟ್ರೂ "ದಿನಕ್ಕೆ ಎಷ್ಟು ಸಲ ಹೋಗ್ತೀರಮ್ಮ" ಅಂದಾಗ ಅಕ್ಕ ಸುಳ್ಳು ಹೇಳ್ದೇನೇ "ಮೂರ್ಸಲ" ಅಂತಿದ್ರು. ಮೂರು ಸಲಕ್ಕೆ ಯಾರು ತಲೆ ಕೆಡಿಸ್ಕೋತಾರೆ. ಎಷ್ಟು ಗಂಟೆಗೆ ಊಟ ಮಾಡ್ತೀರಾ, ಮಾಡ್ತೀರಾ ಇಲ್ವಾ, ರಾತ್ರಿ ನಿದ್ದೆಯಿಂದ ಎದ್ದು ಹೋಗ್ತೀರಾ, ಇಷ್ಟನ್ನ ಯಾರಾದ್ರೂ ಕೇಳಿದ್ರೆ ಆಗ್ತಿತ್ತು. ನಾನೂ ಕೇಳಿರ್ಲಿಲ್ಲ, ಒಂದೇ ಅಡುಗೆಮನೇಲಿ ಇದ್ಕೊಂಡು.

2020 ಮಾರ್ಚ್ ಕೊನೆಗೆ ಲಾಕ್‌ಡೌನ್ ಆಯ್ತಲ್ಲ, ಸ್ಕೂಲ್ ಮುಚ್ಚಿದ್ವು. ಅಕ್ಕ ಮೊದಲ ಸಲ ಎಲ್ಲರ ಜೊತೆ ಕೂತು ಬೆಳಿಗ್ಗೆ ತಿಂಡಿ, ಮಧ್ಯಾಹ್ನ ಮುದ್ದೆ ಉಪ್ಸಾರು ತಿನ್ನೋದು ಶುರುವಾಯ್ತು, ಅತ್ತೆ ಕಣ್ಣೆದುರಿಗೆ ಬಿಡಂಗೂ ಇಲ್ಲ. ನಂಗೆ ಆಗ ಮೂರು ತಿಂಗಳ ಕೂಸು, ರಾತ್ರಿಯೆಲ್ಲ ಎಚ್ಚರ. ನಮ್ಮನೆ ಕಕ್ಕಸು ಇರೋದು ಹಿತ್ತಿಲಲ್ಲಿ, ಹಿತ್ತಿಲ ಬಾಗಿಲಿಗೆ ಹಳೇ ಕಾಲದ ಕಬ್ಬಿಣದ ಚಿಲಕ, ತೆಗೆದ್ರೆ ಇಡೀ ಮನೆಗೆ ಕೇಳತ್ತೆ. ರಾತ್ರಿ ಎರಡಕ್ಕೆ ಒಂದ್ಸಲ ಠಣ್. ಮತ್ತೆ ಮೂರೂವರೆಗೆ. ಮತ್ತೆ ಐದಕ್ಕೆ. ನಾನು ಹಾಲು ಕುಡಿಸ್ತಾ ಎಣಿಸ್ತಿದ್ದೆ, ಮೊದಲು ಸುಮ್ನೆ, ಆಮೇಲೆ ಬೇಕಂತಲೇ. ಹಗಲೂ ಸೇರಿದ್ರೆ ಒಂಬತ್ತು ಹತ್ತು ಆಗ್ತಿತ್ತು.

ಕೇಳಿದೆ. "ಪೈಲ್ಸ್ ಕಣೆ, ಹಳೇದು" ಅಂದ್ರು. ಪೈಲ್ಸಿಗೆ ಹತ್ತು ಸಲ ಯಾಕೆ ಹೋಗ್ತಾರಕ್ಕ ಅಂದೆ. ಹೋದ್ರೂ ಪೂರ್ತಿ ಆದಂಗೆ ಅನ್ಸಲ್ಲ, ಬರೀ ಲೋಳೆ ರಕ್ತ ಸ್ವಲ್ಪ ಬರತ್ತೆ, ಮತ್ತೆ ಹೋಗ್ಬೇಕು ಅನ್ಸತ್ತೆ ಅಂದ್ರು. ಒಂದು ಸಲ ತಡೆಯಕ್ಕಾಗದೆ ಬಟ್ಟೇಲೇ ಆಗ್ಬಿಟ್ಟಿದ್ದನ್ನೂ ಹೇಳಿದ್ರು, ಬಸ್ ಸ್ಟ್ಯಾಂಡಿಂದ ಮನೆಗೆ ವ್ಯಾನಿಟಿ ಬ್ಯಾಗನ್ನ ಹಿಂದಕ್ಕೆ ಇಟ್ಕೊಂಡು ನಡ್ಕೊಂಡು ಬಂದಿದ್ದು. ಇದು 2018ರ ಮಾತು, ಎರಡು ವರ್ಷ ಯಾರಿಗೂ ಹೇಳಿರ್ಲಿಲ್ಲ. ನಿದ್ದೆಯಿಂದ ಎಬ್ಬಿಸೋ ಭೇದಿ, ಜೊತೆಗೆ ರಕ್ತ, ತೂಕ ಇಳಿಯೋದು, ಇವಿಷ್ಟು ಇದ್ರೆ ಐಬಿಎಸ್ ಅಂತ ಸುಮ್ನಾಗಂಗಿಲ್ಲ, ಇದನ್ನ ನಾನು ಓದಿದ್ದೆ. ಆದ್ರೆ ಆವಾಗ ಎಲ್ಲ ಆಸ್ಪತ್ರೆಲೂ ಕೋವಿಡ್ಡು, ಸ್ವಲ್ಪ ದಿನ ತಡೆಯೋಣ ಅಂತ ಅಂದ್ಕೊಂಡ್ವಿ.

ಆಗಸ್ಟಲ್ಲಿ ಸರ್ಕಾರ ವಿದ್ಯಾಗಮ ಶುರು ಮಾಡ್ತು, ಸ್ಕೂಲ್ ಬದಲು ಟೀಚರ್‌ಗಳೇ ಊರೂರಿಗೆ ಹೋಗಿ ಮರದ ಕೆಳಗೆ, ದೇವಸ್ಥಾನದ ಜಗಲಿ ಮೇಲೆ ಪಾಠ ಮಾಡೋದು. ಮಕ್ಕಳಿಗೆ ಒಳ್ಳೇದಿತ್ತೋ ಏನೋ, ಅಕ್ಕಂಗೆ ಬೀಗ ಹಾಕಿದ ಟಾಯ್ಲೆಟ್ಟೂ ಇಲ್ಲ ಈಗ. ಮತ್ತೆ ಉಪವಾಸ. ಅಕ್ಟೋಬರಲ್ಲಿ ಅದು ನಿಲ್ಲೋ ಹೊತ್ತಿಗೆ ತೂಕ 58 ಇದ್ದಿದ್ದು 49ಕ್ಕೆ ಬಂದಿತ್ತು. ಡಿಸೆಂಬರಲ್ಲಿ ಗ್ರಾಮ ಪಂಚಾಯಿತಿ ಎಲೆಕ್ಷನ್ ಡ್ಯೂಟಿ ಬಂತು. ಹಿಂದಿನ ದಿನ ಮಸ್ಟರಿಂಗ್, ಬ್ಯಾಲೆಟ್ ಪೆಟ್ಟಿಗೆ ಜೊತೆ ಹೋಗಿ ಬೂತಲ್ಲೇ ರಾತ್ರಿ ಮಲಗೋದು, ಬೆಳಗಿಂದ ಸಂಜೆ ತನಕ ಓಟಿಂಗು, ಆಮೇಲೆ ಡಿಮಸ್ಟರಿಂಗು, ಎರಡು ದಿನ ಪೂರ್ತಿ. "ಏನಾದ್ರೂ ಕಟ್ಟೋ ಮಾತ್ರೆ ಕೊಡೆ" ಅಂದ್ರು. ನಾನು ಲೋಪರಮೈಡ್ ಸ್ಟ್ರಿಪ್ ತಂದ್ಕೊಟ್ಟೆ, ಚೀಟಿ ಇಲ್ದೆ.

ಇದು ನನ್ನ ಮೊದಲ ತಪ್ಪು. ಕರುಳು ಜೋರಾಗಿ ಉರೀತಿರೋವಾಗ ಅದನ್ನ ಕಟ್ಟಿಹಾಕಿದ್ರೆ ದೊಡ್ಡಕರುಳು ಊದ್ಕೊಂಡು ಪ್ರಾಣಕ್ಕೇ ಬರಬಹುದು, ಟಾಕ್ಸಿಕ್ ಮೆಗಾಕೊಲನ್ ಅಂತಾರೆ, ರಕ್ತ ಭೇದಿಗೆ ಲೋಪರಮೈಡ್ ಕೊಡಬಾರದು ಅಂತ ನಾನು ಪರೀಕ್ಷೇಲಿ ಬರ್ದಿದ್ದೆ ಕೂಡ. ಅಕ್ಕಂಗೆ ಅಷ್ಟಾಗ್ಲಿಲ್ಲ, ಪುಣ್ಯ. ಎರಡನೇ ತಪ್ಪು ಇನ್ನೂ ಹಳೇದು. ಪ್ರತಿ ತಿಂಗಳು ಮುಟ್ಟಿನ ಹೊಟ್ಟೆನೋವಿಗೆ ಮೆಫೆನಾಮಿಕ್ ಆಸಿಡ್ ಇರೋ ಮಾತ್ರೆ ನಾನೇ ತಂದ್ಕೊಡ್ತಿದ್ದೆ, ಎರಡು ವರ್ಷದ ಮೇಲೆ. ಆ ಜಾತಿಯ ನೋವಿನ ಮಾತ್ರೆಗಳು, ಐಬುಪ್ರೊಫೆನ್, ಡೈಕ್ಲೋಫೆನಾಕ್ ಎಲ್ಲ ಸೇರಿ, ಕೊಲೈಟಿಸ್ ಇರೋ ಕೆಲವ್ರಿಗೆ ಕಾಯಿಲೆ ಕೆರಳಿಸ್ತವೆ. ಎಲ್ರಿಗೂ ಕೆರಳತ್ತೆ ಅಂತಲ್ಲ, ಅಕ್ಕಂಗೆ ಅದರಿಂದಲೇ ಆಯ್ತು ಅಂತ ಡಾಕ್ಟ್ರೂ ಹೇಳ್ಲಿಲ್ಲ. ಇನ್ನೊಂದು ತೊಡಕು ಏನಂದ್ರೆ ಮುಟ್ಟಿನ ದಿನಗಳಲ್ಲಿ ಗರ್ಭಕೋಶ ಹಿಂಡೋಕೆ ಬರೋ ಪ್ರೊಸ್ಟಗ್ಲಾಂಡಿನ್ ಅನ್ನೋ ರಾಸಾಯನಿಕ ಕರುಳನ್ನೂ ಹಿಂಡತ್ತೆ, ಆರೋಗ್ಯವಾಗಿರೋ ಹೆಂಗಸ್ರಿಗೂ ಆ ಎರಡು ದಿನ ಭೇದಿ ಆಗೋದು ಅದಕ್ಕೇ. ಹಂಗಾಗಿ ಅಕ್ಕಂಗೆ ಪ್ರತಿ ತಿಂಗಳೂ ಅದೇ ಹೊತ್ತಿಗೆ ಜಾಸ್ತಿ ಆಗ್ತಿತ್ತು, ಅದೇ ಹೊತ್ತಿಗೆ ಮಾತ್ರೆನೂ ನುಂಗ್ತಿದ್ರು, ಯಾವ್ದರಿಂದ ಏನಾಯ್ತು ಅಂತ ಬಿಡಿಸೋಕೇ ಆಗ್ತಿರ್ಲಿಲ್ಲ. ಈಗ ಅವ್ರಿಗೆ ಪ್ಯಾರಾಸಿಟಮಾಲ್, ಬಿಸಿನೀರಿನ ಬ್ಯಾಗು ಅಷ್ಟೇ.

ಎಲೆಕ್ಷನ್ ಮುಗಿಸ್ಕೊಂಡು ಬಂದ ನಾಲ್ಕನೇ ದಿನ ಹಿತ್ತಿಲಲ್ಲಿ ತಲೆ ಸುತ್ತಿ ಬಿದ್ರು. ಹಿಮೋಗ್ಲೋಬಿನ್ 7.4. 2021 ಜನವರೀಲಿ ಬೆಂಗಳೂರಿಗೆ ಕರ್ಕೊಂಡ್ಹೋದ್ವಿ, ಟ್ರೇನಲ್ಲಿ, ಯಾಕಂದ್ರೆ ಟ್ರೇನಲ್ಲಿ ಟಾಯ್ಲೆಟ್ ಇರತ್ತೆ. ಅಕ್ಕ ಆ ಮೂರ್ನಾಲ್ಕು ವರ್ಷದಲ್ಲಿ ಯಾವ್ದಾದ್ರೂ ಮದುವೆಗೆ ಹೋಗಿದ್ರೆ ಅದು ರೈಲ್ವೆ ಲೈನ್ ಇರೋ ಊರಿಗೇ ಅನ್ನೋದು ಆಮೇಲೆ ಲೆಕ್ಕ ಹಾಕಿದಾಗ ಹೊಳೀತು.

ಅಲ್ಲಿ ನೋಡಿದ ಗ್ಯಾಸ್ಟ್ರೋ ಡಾಕ್ಟ್ರು ಹೆಂಗಸು. ಭಾವನ್ನ ಹೊರಗೆ ಕೂರೋಕೆ ಹೇಳಿ ಮೊದಲು ಕೇಳಿದ್ದೇ "ಕೊನೇ ಸಲ ಹೊಟ್ಟೆ ತುಂಬ ಊಟ ಮಾಡಿ ಮನೆಯಿಂದ ಹೊರಗೆ ಹೋಗಿದ್ದು ಯಾವಾಗ?" ಅಂತ. ಅಕ್ಕ ಅತ್ಬಿಟ್ರು. ಮಲದ ಕ್ಯಾಲ್‌ಪ್ರೊಟೆಕ್ಟಿನ್ ಟೆಸ್ಟು 1,140 ಬಂತು. ಇದು ಕರುಳಲ್ಲಿ ಉರಿಯೂತ ಇದ್ಯಾ ಅಂತ ತೋರ್ಸೋ ಪ್ರೊಟೀನು, ಗ್ರಾಂಗೆ 50 ಮೈಕ್ರೋಗ್ರಾಂ ಒಳಗಿದ್ರೆ ಸಾಮಾನ್ಯವಾಗಿ ಚಿಂತೆ ಇಲ್ಲ, 250 ದಾಟಿದ್ರೆ ಏನೋ ಉರೀತಿದೆ ಅಂತ. ಚಿಕ್ಕ ಡಬ್ಬೀಲಿ ಸ್ಯಾಂಪಲ್ ಕೊಟ್ರೆ ಆಯ್ತು, ಸೂಜಿ ಇಲ್ಲ ಪೈಪಿಲ್ಲ. ಐಬಿಎಸ್ಸಾ ಐಬಿಡಿನಾ ಅಂತ ಗೊಂದಲ ಇರೋ ಕಡೆ ಇದೊಂದು ಟೆಸ್ಟು ಎಷ್ಟೋ ದಾರಿ ತೋರಿಸತ್ತೆ, ನಮ್ಮ ಕಡೆ ಇನ್ನೂ ಚೀಟೀಲಿ ನೋಡೋದೇ ಅಪರೂಪ.

ಆಮೇಲೆ ಕೊಲೊನೊಸ್ಕೋಪಿ, ಅಂದ್ರೆ ಕ್ಯಾಮೆರಾ ಇರೋ ಪೈಪ್ ಹಾಕಿ ದೊಡ್ಡಕರುಳಿನ ಒಳಗೆ ನೋಡೋ ಟೆಸ್ಟು. ಜನ ಅದಕ್ಕೆ ಹೆದರ್ತಾರೆ, ನಿಜವಾದ ಕಷ್ಟ ಹಿಂದಿನ ರಾತ್ರಿ ಕುಡಿಯೋ ಉಪ್ಪುಪ್ಪು ಪೌಡರ್ ನೀರು, ಲೀಟರ್‌ಗಟ್ಟಲೆ. ಟೆಸ್ಟ್ ಹೊತ್ತಿಗೆ ನಿದ್ದೆ ಬರೋಕೆ ಇಂಜೆಕ್ಷನ್ ಕೊಟ್ಟಿದ್ರು, ಅಕ್ಕಂಗೆ ಏನೂ ಗೊತ್ತಾಗ್ಲಿಲ್ಲ. ರೆಕ್ಟಮ್‌ನಿಂದ ಎಡಗಡೆ ಪಕ್ಕೆಲುಬಿನ ಕೆಳಗೆ ಕರುಳು ತಿರುಗೋ ಜಾಗದ ತನಕ ಪೂರ್ತಿ ಕೆಂಪು, ಮುಟ್ಟಿದ್ರೆ ರಕ್ತ, ಅದರ ಮೇಲೆ ಚೆನ್ನಾಗಿತ್ತು. ಹತ್ತು ಕಡೆ ಚೂರು ತೆಗೆದು ಬಯಾಪ್ಸಿಗೆ ಕಳಿಸಿದ್ರು. ನಮ್ಮ ದೇಶದಲ್ಲಿ ಕರುಳಿನ ಟಿಬಿನೂ ಇರೋದ್ರಿಂದ ಅದನ್ನೂ ನೋಡ್ಬೇಕಾಗತ್ತೆ, ಕ್ರೋನ್ಸಿಗೂ ಟಿಬಿಗೂ ವ್ಯತ್ಯಾಸ ಕಂಡುಹಿಡಿಯೋದೇ ಕಷ್ಟ ಅಂತೆ. ಅಕ್ಕಂದು ಟಿಬಿ ಇಲ್ಲ, ಕ್ರೋನ್ಸ್ ಲಕ್ಷಣ ಇಲ್ಲ, ಎಡಭಾಗದ ಅಲ್ಸರೇಟಿವ್ ಕೊಲೈಟಿಸ್ ಅಂತ ಬಂತು. ಶುರುವಾಗಿ ಮೂರೂವರೆ ವರ್ಷ ಆಗಿತ್ತು.

ಔಷಧಿ ಹೀಗಿತ್ತು: ಕರುಳಿನ ಉರಿಯೂತ ಇಳಿಸೋ ಮೆಸಲಮಿನ್ ದಿನಕ್ಕೆ 4.8 ಗ್ರಾಂ ಬಾಯಿಗೆ, ಅದೇ ಮೆಸಲಮಿನ್ ರಾತ್ರಿ ಎನಿಮಾ, ಅಂದ್ರೆ ಗುದದಿಂದ ಒಳಗೆ ಬಿಡೋ ದ್ರವ, ಪ್ರೆಡ್ನಿಸೋಲೋನ್ ಅನ್ನೋ ಸ್ಟೀರಾಯ್ಡ್ 40 ಮಿಲಿಗ್ರಾಂನಿಂದ ಶುರು ಮಾಡಿ ವಾರಕ್ಕೆ 5ರಂತೆ ಇಳಿಸೋದು, ಕ್ಯಾಲ್ಸಿಯಂ ಜೊತೆಗೆ. ಐರನ್ ಮಾತ್ರೆ ಬೇಡ ಅಂತ ನರಕ್ಕೇ ಡ್ರಿಪ್ಪಲ್ಲಿ ಹಾಕಿದ್ರು, ಎರಡು ತಿಂಗಳಿಗೆ ಹಿಮೋಗ್ಲೋಬಿನ್ 11ಕ್ಕೆ ಬಂತು. ಸ್ಟೀರಾಯ್ಡಿಗೆ ಮುಖ ಉಬ್ಬಿತು, ಬೀದೀಲಿ ಎಲ್ರೂ "ಈಗ ಮೈ ಕೈ ತುಂಬ್ಕೊಂಡಿದ್ದೀಯ" ಅಂದ್ರು, ಅಕ್ಕ ಕನ್ನಡಿ ನೋಡೋದೇ ಬಿಟ್ಟಿದ್ರು. ಮೆಸಲಮಿನ್ನಿನ ಅಜ್ಜಿ ಸಲ್ಫಸಲಜಿನ್ ಅನ್ನೋ ಮಾತ್ರೆ, ಈಗಲೂ ಇದೆ, ಅಗ್ಗ. ಅದನ್ನ ಸ್ವೀಡನ್ನಿನ ನಾನ್ನಾ ಸ್ವಾರ್ಟ್ಸ್ ಅನ್ನೋ ಲೇಡಿ ಡಾಕ್ಟ್ರು ಕೀಲುವಾತಕ್ಕೆ ಅಂತ ಮಾಡಿಸಿದ್ದು, ಕೊಲೈಟಿಸ್ ಇದ್ದೋರಿಗೆ ಹೊಟ್ಟೆನೇ ಸರಿಹೋಯ್ತಂತೆ. ಇದನ್ನ ಅಕ್ಕಂಗೆ ಹೇಳ್ದಾಗ "ಹೆಂಗಸೇ ಕಂಡುಹಿಡೀಬೇಕಿತ್ತೇನೋ" ಅಂದ್ರು.

ಎನಿಮಾ ಬಗ್ಗೆ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ನನ್ನ ಕೌಂಟರಲ್ಲಿ ಅದನ್ನ ತಗೊಂಡೋರಲ್ಲಿ ಎಷ್ಟೋ ಜನ ಎರಡನೇ ಸಲ ಬರಲ್ಲ. ಬಾಯಲ್ಲಿ ನುಂಗಿದ್ದು ಕರುಳಿನ ಕೊನೆ ಭಾಗಕ್ಕೆ ತಲುಪೋದು ಕಮ್ಮಿ, ಕಾಯಿಲೆ ಜೋರಾಗಿರೋದು ಅಲ್ಲೇ, ಎರಡೂ ಸೇರಿಸಿ ಕೊಟ್ರೆ ಬರೀ ಮಾತ್ರೆಗಿಂತ ಚೆನ್ನಾಗಿ ಕೆಲಸ ಮಾಡತ್ತೆ. ಮಲಗೋ ಮುಂಚೆ ಎಡಮಗ್ಗುಲಾಗಿ ಮಲಗಿ ಬಲಗಾಲು ಮಡಚಿ ಹಾಕ್ಕೋಬೇಕು, ಎಡಗಡೆನೇ ಯಾಕೆ ಅಂದ್ರೆ ದೊಡ್ಡಕರುಳಿನ ಕೊನೆ ಭಾಗ ಇಳಿಯೋದು ಎಡಗಡೆಗೆ, ಔಷಧಿ ತಾನಾಗೇ ಒಳಗೆ ಹರೀತದೆ. ಬಾಟ್ಲಿ ತಣ್ಣಗಿದ್ರೆ ತಡೆಯಕ್ಕಾಗಲ್ಲ, ಸ್ವಲ್ಪ ಹೊತ್ತು ಕೈಯಲ್ಲಿ ಹಿಡ್ಕೊಂಡು ಬೆಚ್ಚಗೆ ಮಾಡ್ಕೊಳ್ಳಿ. ಮೊದಲ ನಾಲ್ಕೈದು ದಿನ ಹತ್ತು ನಿಮಿಷಕ್ಕೇ ಹೊರಗೆ ಬಂದ್ಬಿಡತ್ತೆ, ಬಿಡಬಾರದು, ಉರಿ ಇಳಿದಂಗೆಲ್ಲ ನಿಲ್ಲತ್ತೆ. ಆದ್ರೆ ನಮ್ಮಂಥ ಮನೇಲಿ ಕೋಣೆಗೆ ಬಾಗಿಲು ಹಾಕ್ಕೊಂಡು ಮಲಗೋದೇ ದೊಡ್ಡ ವಿಷಯ, ಮಗ ಪಕ್ಕದಲ್ಲೇ. ಭಾವ ಹದಿನೈದು ದಿನ ಮಗನ್ನ ಕರ್ಕೊಂಡು ನಡುಮನೇಲಿ ಮಲಗಿದ್ರು, ಅತ್ತೆ ಗಂಡ ಹೆಂಡ್ತಿ ಜಗಳ ಆಗಿದೆ ಅಂತ ತಿಳ್ಕೊಂಡು ಅಕ್ಕನ ತಾಯಿಗೆ ಫೋನೇ ಮಾಡಿದ್ರು. ಆಮೇಲೆ ಕೂರಿಸ್ಕೊಂಡು ನಾನೇ ಎಲ್ಲ ಹೇಳಿದೆ. ಸುಮಾರು ಹೊತ್ತು ಸುಮ್ನಿದ್ದು, "ಹಂಗಾರೆ ಆ ಬಟ್ಟೆ ಕಲೆ ಎಲ್ಲ ಅದೇನಾ" ಅಂತ ಕೇಳಿದ್ರು ಅತ್ತೆ. ಮಾರನೇ ವಾರ ಮೇಸ್ತ್ರಿ ಬಂದ, ಅಕ್ಕನ ಕೋಣೆಗೆ ಸೇರಿದಂಗೆ ಟಾಯ್ಲೆಟ್ ಆಯ್ತು. ಕೊಬ್ಬರಿ ಮಾರಿದ ದುಡ್ಡು.

ಊಟದ ಬಗ್ಗೆ ಊರಿಗೆ ಊರೇ ಸಲಹೆ ಕೊಡತ್ತೆ. ಡಾಕ್ಟ್ರು ಹೇಳಿದ್ದು ಚಿಕ್ಕದು: ಊಟದಿಂದ ಬಂದಿದ್ದಲ್ಲ, ಊಟದಿಂದ ವಾಸಿಯಾಗೋದೂ ಅಲ್ಲ, ಜೋರಾಗಿದ್ದಾಗ ನಾರು ಕಮ್ಮಿ ಮಾಡಿ, ಇಳಿದ ಮೇಲೆ ಎಲ್ಲ ತಿನ್ನಿ. ಜೋರಾಗಿದ್ದಾಗ ಮೆತ್ತಗಿನ ಅನ್ನ, ತಿಳಿಸಾರು, ಮಜ್ಜಿಗೆ, ಬಾಳೆಹಣ್ಣು, ಮೊಟ್ಟೆ. ಅವರೆಕಾಳು, ಹಸಿ ತರಕಾರಿ ಆವಾಗ ಇಲ್ಲ. ಹಾಲು ಅಕ್ಕಂಗೆ ಆಗಲ್ಲ, ಮೊಸರಾಗತ್ತೆ. ಮುದ್ದೆ ಬಿಡ್ಬೇಕು ಅಂದಾಗ ಅತ್ತೆಗೆ ಬೇಜಾರು, ಮುದ್ದೆ ಇಲ್ದೆ ಶಕ್ತಿ ಎಲ್ಲಿಂದ ಬರತ್ತೆ ಅಂತ. ಮೂರು ತಿಂಗಳಾದ್ಮೇಲೆ ಚಿಕ್ಕ ಮುದ್ದೆಯಿಂದ ಶುರುವಾಗಿ ಈಗ ಸರಿಯಾಗೇ ತಿಂತಾರೆ.

ಸ್ಕೂಲಿಗೆ ವಾಪಸ್ ಹೋದಾಗ ಅಕ್ಕ ಎಚ್ಚೆಮ್ಮಿಗೆ ಡಾಕ್ಟ್ರ ಲೆಟರ್ ಕೊಟ್ರು, ಕರುಳಿನ ಕಾಯಿಲೆ ಇದೆ, ಟಾಯ್ಲೆಟ್ಟಿಗೆ ಯಾವಾಗ ಬೇಕಾದ್ರೂ ಹೋಗ್ಬೇಕಾಗತ್ತೆ ಅಂತ ಎರಡೇ ಸಾಲು. ಮೇಷ್ಟ್ರು ಓದಿ, ಏನೂ ಮಾತಾಡ್ದೆ ಡ್ರಾಯರ್ ತೆಗೆದು ಬೀಗದ ಕೈ ಕೊಟ್ಟು "ಬಸ್ ಸ್ಟ್ಯಾಂಡ್ ಹತ್ರ ಡೂಪ್ಲಿಕೇಟ್ ಮಾಡಿಸ್ಕೊಂಡ್ಬಿಡಿ ಮೇಡಂ" ಅಂದ್ರಂತೆ. 40 ರೂಪಾಯಿ. ನಾಲ್ಕು ವರ್ಷ ಉಪವಾಸ ಇದ್ದಿದ್ದು ಈ 40 ರೂಪಾಯಿಗೆ ಅಂತ ಅಕ್ಕ ಎಷ್ಟೋ ಸಲ ಹೇಳ್ಕೊಂಡು ಬೈಕೊಂಡಿದ್ದಾರೆ. ಆಮೇಲೆ ಇನ್ನೊಂದು ಆಯ್ತು, ಮೇಡಂ ಹತ್ರ ಕೀ ಇದೆ ಅಂತ ಗೊತ್ತಾಗಿ ಏಳನೇ ಕ್ಲಾಸಿನ ಹುಡುಗೀರು ಒಬ್ಬೊಬ್ರೇ ಬಂದು ಕೇಳೋಕೆ ಶುರು ಮಾಡಿದ್ರು. ಅವ್ರೂ ಬೆಳಗಿಂದ ನೀರು ಕುಡೀದೆ ಇರ್ತಿದ್ರು.

ಒಂದು ವರ್ಷ ಚೆನ್ನಾಗಿತ್ತು. 2022ರಲ್ಲಿ ಅಕ್ಕ ತಾವೇ ಮಾತ್ರೆ ನಿಲ್ಲಿಸಿದ್ರು, ನಂಗೂ ಹೇಳ್ದೆ. ಕಾರಣ ಎರಡು, ಏನೂ ತೊಂದ್ರೆ ಇಲ್ವಲ್ಲ ಅಂತ ಒಂದು, ಎರಡನೇ ಮಗು ಬೇಕಿತ್ತು, ಮಾತ್ರೆ ತಿಂತಾ ಬಸುರಿಯಾದ್ರೆ ಮಗುಗೆ ಏನಾದ್ರೂ ಆಗತ್ತೆ ಅಂತ ಯಾರೋ ಹೇಳಿದ್ದು ಇನ್ನೊಂದು. ತಿಂಗಳಿಗೆ ಮೂರು ಸಾವಿರದ ಮೇಲೆ ಮಾತ್ರೆಗೇ ಹೋಗೋದು, ಅದೂ ಇತ್ತೇನೋ, ಬಾಯಿಬಿಟ್ಟು ಹೇಳಲ್ಲ. ನಾಲ್ಕನೇ ತಿಂಗಳು ಕೆರಳಿತು, ಈ ಸಲ ಹಿಂದಿನಂಗಲ್ಲ, ದಿನಕ್ಕೆ ಹನ್ನೆರಡು ಸಲ, ಎಲ್ಲ ರಕ್ತ, ಜ್ವರ, ನಾಡಿ 110. ಆರು ಅಥವಾ ಅದಕ್ಕಿಂತ ಜಾಸ್ತಿ ಸಲ ರಕ್ತಭೇದಿ, ಜೊತೆಗೆ ಜ್ವರನೋ, ನಾಡಿ 90ರ ಮೇಲೋ, ಹಿಮೋಗ್ಲೋಬಿನ್ 10.5ರ ಕೆಳಗೋ ಇದ್ರೆ ಅಡ್ಮಿಟ್ ಆಗ್ಲೇಬೇಕು, 1955ರಿಂದ ಡಾಕ್ಟ್ರುಗಳು ಬಳಸ್ತಿರೋ ಲೆಕ್ಕ ಇದು, ಮನೇಲಿರೋರಿಗೂ ಗೊತ್ತಿದ್ರೆ ಒಳ್ಳೇದು. ನರಕ್ಕೆ ಹೈಡ್ರೊಕಾರ್ಟಿಸೋನ್ ಅನ್ನೋ ಸ್ಟೀರಾಯ್ಡ್ ಆರು ಗಂಟೆಗೊಂದ್ಸಲ, ರಕ್ತ ಹೆಪ್ಪುಗಟ್ಟದಂಗೆ ಹೊಟ್ಟೆಗೆ ಹೆಪಾರಿನ್ ಇಂಜೆಕ್ಷನ್. ರಕ್ತ ಹೋಗ್ತಿರೋರಿಗೆ ರಕ್ತ ತೆಳು ಮಾಡೋ ಇಂಜೆಕ್ಷನ್ನಾ ಅಂತ ಭಾವ ನರ್ಸ್ ಜೊತೆ ಜಗಳಕ್ಕೆ ಹೋದ್ರು, ಈ ಕಾಯಿಲೆ ಕೆರಳಿದಾಗ ಕಾಲಿನ ನರದಲ್ಲಿ ಹೆಪ್ಪುಗಟ್ಟೋ ಅಪಾಯ ಜಾಸ್ತಿ ಅಂತ ಆಮೇಲೆ ಗೊತ್ತಾಯ್ತು. ಮೂರನೇ ದಿನ ನೋಡ್ತೀವಿ, ಇಳೀದಿದ್ರೆ ಇನ್ಫ್ಲಿಕ್ಸಿಮ್ಯಾಬ್ ಅನ್ನೋ ಔಷಧಿ ಕೊಡ್ಬೇಕಾಗತ್ತೆ, ಅದಲ್ಲದಿದ್ರೆ ಆಪರೇಷನ್ ಮಾಡಿ ದೊಡ್ಡಕರುಳು ತೆಗೀಬೇಕಾಗತ್ತೆ ಅಂದ್ರು. ಸರ್ಜನ್ ಕೂಡ ಬಂದು ನೋಡ್ಕೊಂಡ್ಹೋದ್ರು. ಮೂರನೇ ದಿನ ಅಕ್ಕ ಹೋಗಿದ್ದು ನಾಲ್ಕು ಸಲ, ಮೈಯಲ್ಲಿ ಉರಿಯೂತ ಎಷ್ಟಿದೆ ಅಂತ ತೋರ್ಸೋ ರಕ್ತದ ಟೆಸ್ಟು ಸಿಆರ್‌ಪಿ 96ರಿಂದ 30ಕ್ಕೆ. ಏಳನೇ ದಿನ ಮನೆಗೆ.

ಅಲ್ಲಿಂದ ಅಜಥಯೋಪ್ರಿನ್ ಸೇರಿಸಿದ್ರು. ಇದು ರೋಗನಿರೋಧಕ ವ್ಯವಸ್ಥೆನ ತಗ್ಗಿಸೋ ನಿಧಾನದ ಮಾತ್ರೆ, ಕೆಲಸ ಮಾಡೋಕೆ ಎರಡು ಮೂರು ತಿಂಗಳು ಬೇಕು, ಕೊಡೋ ಮುಂಚೆ ಜೀನ್ ಟೆಸ್ಟ್ ಮಾಡಿಸಿದ್ರು. ನಮ್ಮ ಏಷ್ಯಾದೋರಲ್ಲಿ ಎನ್‌ಯುಡಿಟಿ15 ಅನ್ನೋ ಜೀನಿನ ವ್ಯತ್ಯಾಸ ಯುರೋಪಿನೋರಿಗಿಂತ ಜಾಸ್ತಿ, ಅದಿದ್ರೆ ಈ ಮಾತ್ರೆಗೆ ಬಿಳಿ ರಕ್ತಕಣ ಬಿದ್ದುಹೋಗತ್ತೆ, ತಲೆಕೂದಲು ಪೂರ್ತಿ ಉದುರತ್ತೆ. ಅಕ್ಕಂಗೆ ಇರ್ಲಿಲ್ಲ. ಆದ್ರೂ ರಕ್ತ ಪರೀಕ್ಷೆ ಮೊದಲು ವಾರವಾರ, ಈಗ ಮೂರು ತಿಂಗಳಿಗೊಮ್ಮೆ.

ಮಗು ವಿಷಯನ ಈ ಸಲ ಡಾಕ್ಟ್ರ ಮುಂದೇನೇ ಎತ್ತಿದ್ರು. ಅವ್ರು ಹೇಳಿದ್ದು, ಬಸುರಿಗೆ ಅಪಾಯ ಮಾಡೋದು ಕೆರಳಿರೋ ಕಾಯಿಲೆ, ಮೆಸಲಮಿನ್ನೂ ಅಜಥಯೋಪ್ರಿನ್ನೂ ಮುಂದುವರಿಸಬಹುದು, ಸ್ಟೀರಾಯ್ಡ್ ಇಲ್ದೆ ಆರು ತಿಂಗಳು ಶಾಂತವಾಗಿರ್ಲಿ ಆಮೇಲೆ ನೋಡಿ ಅಂತ. ಎಲ್ಲ ಮಾತ್ರೆಗೂ ಈ ಮಾತಲ್ಲ, ಮೆಥೊಟ್ರೆಕ್ಸೇಟ್ ಬಸುರಿಗೆ ಕೊಡಂಗೇ ಇಲ್ಲ, ಅದಕ್ಕೇ ಮುಂಚೇನೇ ಕೇಳ್ಬೇಕು. 2023ರಲ್ಲಿ ಕ್ಯಾಲ್‌ಪ್ರೊಟೆಕ್ಟಿನ್ 84 ಬಂದ್ಮೇಲೆ ಆಗ್ಬಹುದು ಅಂದ್ರು. ತಿಂಗಳು ನಿಂತ್ಮೇಲೆ ಹೆರಿಗೆ ಡಾಕ್ಟ್ರು ಚೀಟಿ ನೋಡಿ "ಇದೆಲ್ಲ ನಿಲ್ಸಿ" ಅಂದ್ರು, ಅಕ್ಕ ಅಲ್ಲೇ ಕೂತು ಗ್ಯಾಸ್ಟ್ರೋ ಡಾಕ್ಟ್ರಿಗೆ ಫೋನ್ ಹಚ್ಚಿ ಕೊಟ್ಬಿಟ್ರು, ಇಬ್ರೂ ಹತ್ತು ನಿಮಿಷ ಮಾತಾಡಿದ್ರು, ಮಾತ್ರೆ ಮುಂದುವರೀತು. ಎರಡ್ಸಲ ಕ್ಲಿನಿಕ್ಕಲ್ಲಿ ಬಾಯಿ ಬಿಡದೆ ಎದ್ದು ಬಂದಿದ್ದ ಅಕ್ಕ ಇವ್ರೇನಾ ಅನ್ಸ್ತು. ಐದನೇ ತಿಂಗಳು ಸ್ವಲ್ಪ ರಕ್ತ ಕಂಡಿತು, ಎನಿಮಾ ಮತ್ತೆ ಶುರು ಮಾಡಿದ್ರು, ನಿಂತಿತು. 2024ರಲ್ಲಿ ಹೆಣ್ಣುಮಗು, ನಾರ್ಮಲ್ ಡೆಲಿವರಿ, 2.7 ಕೆಜಿ. ಎದೆಹಾಲೂ ಕೊಟ್ರು, ಮಾತ್ರೆನೂ ತಗೊಂಡ್ರು.

ಎಲ್ಲ ಸರಿಹೋಯ್ತು ಅಂತ ಬರ್ದ್ರೆ ಸುಳ್ಳಾಗತ್ತೆ. ಸುಸ್ತು ಇದೆ, ಹಿಮೋಗ್ಲೋಬಿನ್ 11.8 ಇದ್ರೂ ಸಂಜೆ ನಾಲ್ಕಕ್ಕೆ ಮೈ ಕುಸಿಯತ್ತೆ. ಹೊಸ ಊರಿಗೆ ಹೋದ್ರೆ ಮೊದಲು ಟಾಯ್ಲೆಟ್ ಎಲ್ಲಿ ಅಂತ ನೋಡ್ತಾರೆ, ಹ್ಯಾಂಡ್‌ಬ್ಯಾಗಲ್ಲಿ ಒಂದು ಜೊತೆ ಬಟ್ಟೆ, ಪ್ಲಾಸ್ಟಿಕ್ ಕವರ್ ಇದ್ದೇ ಇರತ್ತೆ, ಅದನ್ನ ಬಳಸಿ ಮೂರು ವರ್ಷ ಆಯ್ತು ಆದ್ರೂ ತೆಗ್ಯಲ್ಲ. ಮನೇಲಿ ಈಗ ಸೋಮವಾರದ ಉಪವಾಸ ಮಾಡೋದು ಅತ್ತೆ ಒಬ್ರೇ. ಕಾಯಿಲೆ ಶುರುವಾಗಿ ಎಂಟು ವರ್ಷ ದಾಟಿದ್ಮೇಲೆ ದೊಡ್ಡಕರುಳಿನ ಕ್ಯಾನ್ಸರ್ ಬರೋ ಅಪಾಯ ಸ್ವಲ್ಪ ಏರತ್ತೆ, ಅದಕ್ಕೆ ಆಗಾಗ ಕೊಲೊನೊಸ್ಕೋಪಿ ಮಾಡಿ ನೋಡ್ತಾ ಇರ್ಬೇಕು, ಅಕ್ಕಂದು ಈ ವರ್ಷ ಬಂದಿದೆ.

ಅಂಗಡೀಲಿ ನಾನು ಬದಲಾಯಿಸಿದ್ದು ಒಂದೇ. ಭೇದಿ ಮಾತ್ರೆನೋ ಪೈಲ್ಸ್ ಮುಲಾಮೋ ಕೇಳ್ಕೊಂಡು ಬಂದೋರಿಗೆ, ರಾತ್ರಿ ನಿದ್ದೆಯಿಂದ ಎದ್ದು ಹೋಗ್ತೀರಾ, ಬೆಳಗಿಂದ ಏನು ತಿಂದ್ರಿ ಅಂತ ಕೇಳ್ತೀನಿ. ಹೆಂಗಸ್ರು ಬರೋದು ಕಮ್ಮಿ, ಗಂಡನ್ನೋ ಮಗನ್ನೋ ಕಳಿಸ್ತಾರೆ, ಅವ್ರಿಗೆ ಉತ್ತರ ಗೊತ್ತಿರಲ್ಲ. ಹಂಗಾದಾಗ ನನ್ನ ನಂಬರ್ ಬರ್ದ್ಕೊಟ್ಟು ಮನೆಯವ್ರಿಗೆ ಫೋನ್ ಮಾಡೋಕೆ ಹೇಳಿ ಅಂತೀನಿ. ಮಾಡೋರು ಮಾಡ್ತಾರೆ, ಹೆಚ್ಚಾಗಿ ಮಧ್ಯಾಹ್ನ ಎರಡರಿಂದ ಮೂರರ ಒಳಗೆ, ಮನೇಲಿ ಬೇರೆಯವ್ರು ಮಲಗಿರೋ ಹೊತ್ತು.

ನಿನ್ನೆ ಫೋನ್ ಬಂದಿದ್ದು ಅಕ್ಕಂದೇ, ಹಿಂದೆ ಬಸ್ಸಿನ ಸದ್ದು, ಸುತ್ತ ಜನ ಮಾತಾಡ್ತಿರೋದೂ ಕೇಳಿಸ್ತಿತ್ತು. "ಸೋಮವಾರ ಲ್ಯಾಬಿಗೆ ಮೋಷನ್ ಕೊಡ್ಬೇಕು ಕಣೆ, ಬರೋವಾಗ ಆ ಡಬ್ಬಿ ತಗೊಂಡ್ಬಾ, ಮರೀಬೇಡ."